ಎತ್ತಿದರೆ ಸಾಕು

“ಮತ್ತೆ ಉಪ್ಪಿಟ್ಟಾ?” ಹಾಲಸ್ವಾಮಿ ತಟ್ಟೆ ನೋಡಿ ಕೇಳಿದರು.

“ಹೂಂ ಮಾವ. ಅತ್ತೇನ ಏಳ್ಸಿ, ಸ್ನಾನ ಮಾಡ್ಸಿ, ಸೀರೆ ಉಡ್ಸೋಷ್ಟರಲ್ಲಿ ಇದೊಂದೇ ಆಗೋದು,” ಎಂದಳು ಸೊಸೆ ಸೌಮ್ಯ. ಚಟ್ನಿ ಬಡಿಸುತ್ತಾ, ಅದೂ ಊಟದ ಮಾತೇ ಎನ್ನುವಂತೆ ಸೇರಿಸಿದಳು: “ಸೋಮವಾರದಿಂದ ನಾನು ಗಾಣಕ್ಕೆ ಹೋಗ್ತೀನಿ.”

ಅವಳ ಗಂಡ ಮಲ್ಲೇಶ ತುತ್ತು ಕೈಯಲ್ಲೇ ಹಿಡಿದು ಅಪ್ಪನ ಮುಖ ನೋಡಿದ. ಹಾಲಸ್ವಾಮಿಗೆ ಕಿವಿ ಮಂದ. ಆದರೆ ಬೇಡದ ಮಾತು ಮಾತ್ರ ಮೊದಲ ಸಲಕ್ಕೇ ಕೇಳಿಸುತ್ತಿತ್ತು.

“ಎಲ್ಲಿಗೆ?”

“ಎಣ್ಣೆ ಗಾಣಕ್ಕೆ. ರವೀಂದ್ರಣ್ಣ ಮತ್ತೆ ಹೇಳಿ ಕಳ್ಸಿದ್ರು. ಇನ್ನೂ ಬರದಿದ್ರೆ ಬಿಲ್ಲು ಬರೆಯೋಕೆ ಬೇರೆಯವರನ್ನ ಇಟ್ಕೋತಾರಂತೆ.”

“ಹಂಗಾದ್ರೆ ಇವಳನ್ನ ಯಾರು ನೋಡ್ಕಳಾದು? ನಾನು ತೋಟದಾಗೆ ಇರ್ತೀನಿ. ಇವನು ಮೋಟಾರು ರಿಪೇರಿ ಅಂಗಡೀಲಿ. ಗೋಡೆ ನೋಡ್ಕಂತದಾ?”

ನಡುಮನೆಯ ಮಂಚದ ಮೇಲೆ ಕೂತಿದ್ದ ಹಾಲಸ್ವಾಮಿಯ ಹೆಂಡತಿ ಕಲ್ಲಮ್ಮ ಎಲ್ಲವನ್ನೂ ಕೇಳಿಸಿಕೊಂಡರು.

ತುರುವೇಕೆರೆಯಿಂದ ಮಾಯಸಂದ್ರದ ಕಡೆ ಹೋಗುವ ರಸ್ತೆಯಲ್ಲಿದ್ದ ಆ ಮನೆಯಲ್ಲಿ ಹಿಂದೆಲ್ಲ ಹೆಚ್ಚು ಕೇಳುತ್ತಿದ್ದದ್ದು ಕಲ್ಲಮ್ಮನ ದನಿಯೇ. ಅಟ್ಟದ ಮೇಲೆ ವರ್ಷವಿಡೀ ಒಣಗುವ ಕಾಯಿಗಳಲ್ಲಿ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, “ಇದು ಕೊಬ್ಬರಿ ಆಗೈತೆ, ಇದಿನ್ನೂ ಆಗಿಲ್ಲ” ಎಂದು ಅವರು ಕೂಗಿ ಹೇಳಿದರೆ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡುತ್ತಿದ್ದರು. ಯುಗಾದಿ ಕಳೆದ ಮೇಲೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ಹೋಯಿತು. ತುಮಕೂರಿನ ಡಾಕ್ಟರು, “ಮಾತು ವಾಪಸ್ ಬರಬಹುದು, ಆದ್ರೆ ಅವರು ಮಾತಾಡ್ತಾ ಇರಬೇಕು, ಬಿಡಬಾರ್ದು” ಎಂದು ಹೇಳಿ ಕಳಿಸಿದ್ದರು.

ಮೊದಮೊದಲು ಕಲ್ಲಮ್ಮ ಬಿಡಲಿಲ್ಲ. ಒಂದು ದಿನ ನೋಡಲು ಬಂದಿದ್ದ ಅದೇ ಬೀದಿಯ ಕೆಂಚಪ್ಪನ ಹೆಂಡತಿಯ ಹತ್ತಿರ ನೀರು ಕೇಳಲು ಹೋಗಿ “ಬಾಗ್ಲು... ಬಾಗ್ಲು” ಎಂದರು. ಆಕೆ ಎದ್ದು ಬಾಗಿಲು ಹಾಕಿ ಬಂದಳು. ಕಲ್ಲಮ್ಮ ತಲೆ ಅಲ್ಲಾಡಿಸಿ ಮತ್ತೆ “ಬಾಗ್ಲು” ಎಂದರು. ಆಕೆ ಹೋಗಿ ಬಾಗಿಲು ತೆಗೆದಳು, ತೆಗೆಯುತ್ತಾ ನಕ್ಕುಬಿಟ್ಟಳು. ಕೆಟ್ಟ ನಗೆಯೇನಲ್ಲ. ಆದರೆ ಅಂದಿನಿಂದ ಕಲ್ಲಮ್ಮ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. ಅವರು ಕಣ್ಣೆತ್ತಿದರೆ ಸಾಕು, ಮನೆಯವರು “ನೀರಾ? ಮಾತ್ರೆನಾ? ಫ್ಯಾನ್ ಹಾಕ್ಬೇಕಾ?” ಎಂದು ತಾವೇ ಹೇಳಿ, ತಾವೇ ಮುಗಿಸುತ್ತಿದ್ದರು.

ಸೌಮ್ಯ ಗಾಣದ ಮಾತೆತ್ತಿದ ವಾರವೇ ಬೀದಿಯ ಹಳೇ ಫೋನ್ ತಂತಿಯನ್ನೆಲ್ಲ ಕಿತ್ತು ಹೊಸ ತಂತಿ ಎಳೆದರು. ಕೇಬಲ್ ಆಫೀಸಿನ ಅರ್ಮಾನ್ ಮನೆಗೆ ಬಂದು, ಗೋಡೆಯ ಮೇಲೆ ಅಂಗೈಯಗಲದ ಕಪ್ಪು ಡಬ್ಬಿಯೊಂದನ್ನು ಕೂರಿಸಿ, ಅದಕ್ಕೆ ಹಳೇ ಫೋನನ್ನೇ ಸಿಕ್ಕಿಸಿದ. ನಂಬರು ಹಿಂದಿನದೇ.

ಹಾಲಸ್ವಾಮಿ ಆ ತಂತಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು. ಹೊದಿಕೆಯೊಳಗೆ ಇದ್ದದ್ದು ಕೂದಲಿನಷ್ಟು ಸಣ್ಣ ಗಾಜಿನ ಎಳೆ.

“ಇದ್ರಾಗೆ ಏನು ಹೋಗ್ತದಪ್ಪ? ಕರೆಂಟಾ?”

“ಬೆಳಕು ಹೋಗುತ್ತೆ ಯಜಮಾನ್ರೇ.”

“ಮಾತು?”

“ಮಾತೇ ಬೆಳಕಾಗಿ ಹೋಗುತ್ತೆ. ಆ ಕಡೆ ಮತ್ತೆ ಮಾತಾಗುತ್ತೆ.”

ಹಾಲಸ್ವಾಮಿ ತಂತಿಯನ್ನು ಮೆಲ್ಲಗೆ ಕೆಳಗಿಟ್ಟರು, ಬಿಸಿ ಇದೆಯೇನೋ ಎನ್ನುವಂತೆ. “ಏನ್ ಕಾಲ ಬಂತು ನೋಡು,” ಎಂದು ಮಂಚದ ಕಡೆ ತಿರುಗಿ ಹೆಂಡತಿಗೆ ಹೇಳಿದರು.

ಸೌಮ್ಯ ಕಾಫಿ ತಂದುಕೊಟ್ಟವಳು ಅಲ್ಲೇ ನಿಂತಳು. “ಅರ್ಮಾನ್, ಏನೂ ಒತ್ತದೆ, ಬರೀ ಎತ್ತಿದ್ರೆ ನನ್ನ ಮೊಬೈಲಿಗೆ ಬರೋ ಹಂಗೆ ಮಾಡೋಕಾಗುತ್ತಾ? ಅತ್ತೆಗೆ ನಂಬರ್ ಒತ್ತೋಕಾಗಲ್ಲ. ಮೊಬೈಲಂತೂ ಎಡಗೈಲಿ ನಿಲ್ಲೋದೇ ಇಲ್ಲ.”

ಅರ್ಮಾನ್ ಯೋಚಿಸಿದ. “ಒಂದು ಲಾಡ್ಜಿಗೆ ಮಾಡಿದ್ದೆ ಅಕ್ಕ. ರೂಮಲ್ಲಿ ಎತ್ತಿದ್ರೆ ಸೀದಾ ಕೌಂಟರಿಗೆ ಹೋಗೋದು. ಹಾಟ್‌ಲೈನ್ ಅಂತಾರೆ.”

ಅವನು ಲ್ಯಾಪ್‌ಟಾಪಿನಲ್ಲಿ ಡಬ್ಬಿಯ ಪುಟ ತೆರೆದ. ಯಾವ ವಿಳಾಸ ಹೊಡೆದ, ಪಾಸ್‌ವರ್ಡು ಡಬ್ಬಿಯ ಬೆನ್ನಿನ ಮೇಲೆ ಎಲ್ಲಿ ಅಂಟಿಸಿದೆ ಎಂಬುದನ್ನೆಲ್ಲ ಸೌಮ್ಯ ಅವನ ಹಿಂದೆ ನಿಂತು ನೋಡಿಕೊಂಡಳು. ಒಂದು ಖಾನೆಯಲ್ಲಿ ಅವಳ ನಂಬರು ತುಂಬಿ, ಸೇವ್ ಮಾಡಿ, “ಎತ್ತಿ ಅಮ್ಮ,” ಎಂದ.

ಕಲ್ಲಮ್ಮ ಎಡಗೈಯಲ್ಲಿ ರಿಸೀವರು ಎತ್ತಿದರು. ಅಡುಗೆಮನೆಯ ಕಟ್ಟೆಯ ಮೇಲಿದ್ದ ಸೌಮ್ಯಳ ಮೊಬೈಲು ಹೊಡೆದುಕೊಂಡಿತು. ಇಟ್ಟರು, ನಿಂತಿತು. ಮತ್ತೆ ಎತ್ತಿದರು, ಮತ್ತೆ ಹೊಡೆದುಕೊಂಡಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರ ಮುಖದಲ್ಲಿ ಅಂಥ ಬೆಳಕು ಯಾರೂ ಕಂಡಿರಲಿಲ್ಲ.

ಮಲ್ಲೇಶ ಅಪ್ಪನಿಗೆ, “ಈಗೇನಂತೀಯಪ್ಪ? ಗಾಣ ಇಲ್ಲೇ ಸ್ಕೂಟರಲ್ಲಿ ಐದು ನಿಮಿಷ. ಅಮ್ಮ ಎತ್ತಿದ್ರೆ ಇವಳು ಬರ್ತಾಳೆ,” ಎಂದ. ಹಾಲಸ್ವಾಮಿ ಟವಲ್ಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟರು.

ಆದರೆ ಮಾರನೇ ದಿನವೇ ಅವರ ಕೂಗಾಟ ಶುರುವಾಯಿತು. ಕೊಬ್ಬರಿ ರೇಟು ಕೇಳಲು ಮಂಡಿಗೆ ಫೋನು ಮಾಡಬೇಕು. ಕನ್ನಡಕ ಹುಡುಕಿ, ನಂಬರು ನೆನಪು ಮಾಡಿಕೊಂಡು ಒತ್ತುವಷ್ಟರಲ್ಲಿ ಡಬ್ಬಿ ತನ್ನ ಪಾಡಿಗೆ ತಾನು ಸೊಸೆಗೆ ಫೋನು ಹಚ್ಚಿರುತ್ತಿತ್ತು.

“ಹಲೋ, ಮಂಡಿಯಾ? ಇವತ್ತು ಏನ್ ರೇಟಪ್ಪ?”

“ಮಾವ, ನಾನು ಸೌಮ್ಯ. ಹಿತ್ಲಲ್ಲಿದೀನಿ.”

“ಯಾರಿಗೆ ಮಾಡಿದ್ರೂ ನೀನೇ ಎತ್ತೀಯಲ್ಲಮ್ಮ! ಈ ಡಬ್ಬಿಗೆ ಊರಾಗೆ ಇನ್ನ್ಯಾರೂ ಗೊತ್ತಿಲ್ವಾ?”

ಅವತ್ತು ಸಂಜೆ ಸೌಮ್ಯ ಗಂಡನ ಲ್ಯಾಪ್‌ಟಾಪಿನಲ್ಲಿ ತಾನೇ ಆ ಪುಟ ತೆರೆದಳು. ಎತ್ತಿ ಎಷ್ಟು ಹೊತ್ತು ಕಾಯಬೇಕು ಎಂಬ ಖಾನೆ ಹುಡುಕಿ ಸಮಯ ಹೆಚ್ಚಿಸಿದಳು. ಮಾವನಿಗೆ ಒತ್ತಲು ಪುರುಸೊತ್ತು ಸಿಕ್ಕಿತು. ಏನೂ ಒತ್ತದೆ ಸುಮ್ಮನೆ ಹಿಡಿದಿದ್ದರೆ ಮಾತ್ರ ಅವಳಿಗೆ ಬರುವಂತಾಯಿತು. “ನೀನೇ ಮಾಡಿದ್ಯಾ?” ಎಂದು ಮಲ್ಲೇಶ ನಂಬದೆ ಕೇಳಿದ. ಅವಳಿಗೂ ನಂಬಿಕೆ ಬಂದಿರಲಿಲ್ಲ.

ಸೋಮವಾರ ಅವಳು ಗಾಣಕ್ಕೆ ಹೋದಳು. ಮಧ್ಯಾಹ್ನ ಮನೆಯ ನಂಬರಿನಿಂದ ಫೋನು ಬಂತು.

“ಅತ್ತೆ? ಏನಾಯ್ತು ಅತ್ತೆ?”

ಆ ಕಡೆ ಏನೂ ಇಲ್ಲ. ಉಸಿರಿಲ್ಲ, ಗರಗರ ಸದ್ದಿಲ್ಲ. ಬಾವಿಗೆ ಬಗ್ಗಿ ಕಿವಿಗೊಟ್ಟ ಹಾಗೆ. ಸೌಮ್ಯ ಪೆನ್ನು ಬಿಸಾಕಿ ಸ್ಕೂಟರು ಹತ್ತಿದಳು. ಮನೆಯಲ್ಲಿ ಕಲ್ಲಮ್ಮ ಗೋಡೆಗೆ ಒರಗಿ, ರಿಸೀವರು ಕಿವಿಗಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಬಿದ್ದಿರಲಿಲ್ಲ, ಬಾಯಾರಿರಲಿಲ್ಲ. ಸೊಸೆಯನ್ನು ಕಂಡು ಫೋನನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದರು.

ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ.

“ಬಿಲ್ಲು ಬರೆಯೋಕೆ ಬಂದಿದ್ಯೇನಮ್ಮ, ಇಲ್ಲ ಗಾಡಿ ಓಡ್ಸೋಕಾ?” ಎಂದರು ಗಾಣದ ರವೀಂದ್ರಣ್ಣ. ಬೈದದ್ದಲ್ಲ, ಆದರೆ ಎಣ್ಣೆ ಕೊಳ್ಳಲು ಬಂದವರು ಸಾಲಾಗಿ ನಿಂತಿದ್ದರು.

ವಾರದ ಕೊನೆಗೆ ನಾದಿನಿ ಅನಿತಾ ದಂಡಿನಶಿವರದಿಂದ ಬಂದಳು. ಅಮ್ಮನ ತಲೆಗೆ ಎಣ್ಣೆ ಹಚ್ಚುತ್ತಾ ಕೂತವಳು ಅತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ.

“ಅಮ್ಮನ್ನ ಒಂದು ಡಬ್ಬಿ ಕೈಗೆ ಒಪ್ಸಿ ಹೋಗಿದೀರಲ್ಲ ಅತ್ತಿಗೆ! ಮಾತು ಬರದೋರ ಕೈಗೆ ಫೋನು ಕೊಟ್ರೆ ಅವರೇನು ಮಾಡ್ಬೇಕು?”

“ನೀನೇ ಒಂದು ತಿಂಗಳು ಕರ್ಕೊಂಡು ಹೋಗಿ ನೋಡ್ಕೋ ಅನಿತಾ. ಬೇಡ ಅಂದಿಲ್ಲ ನಾನು.”

“ನಮ್ಮತ್ತೆ ಮನೇಲಿ ಆಗುತ್ತಾ ಅದೆಲ್ಲ?”

“ಹಂಗಾದ್ರೆ ಇಲ್ಲಿ ನನಗೂ ಒಂದು ಬದುಕು ಅಂತ ಇದೆ ಕಣೇ. ಬೆಳಿಗ್ಗೆಯಿಂದ ರಾತ್ರಿವರೆಗೂ ಇವರ ಕಣ್ಣು ನೋಡ್ತಾ ಕೂತ್ರೆ ನನಗೂ ಮಾತು ಮರ್ತೋಗುತ್ತೆ.”

“ಲೇ, ಸಾಕು ಬುಡ್ರಮ್ಮ ಇಬ್ರೂವೆ,” ಎಂದರು ಹಾಲಸ್ವಾಮಿ. “ಆ ಡಬ್ಬಿನೇ ಕಿತ್ತಾಕಿ. ನಾನೇ ಮನೇಲಿ ಕೂತ್ಕತೀನಿ.”

ಆಗ ಕಲ್ಲಮ್ಮ ಮಗಳ ಕೈ ತಳ್ಳಿ, ಎಡಗೈ ಚಾಚಿ ಫೋನನ್ನು ಎಳೆದು ಮಡಿಲಲ್ಲಿಟ್ಟುಕೊಂಡರು. ಎಣ್ಣೆ ಮೆತ್ತಿದ ಕೂದಲು ಮುಖದ ಮೇಲೆ ಬಿದ್ದಿತ್ತು. ಯಾರೂ ಡಬ್ಬಿಯ ಹತ್ತಿರ ಹೋಗಲಿಲ್ಲ.

ಆಮೇಲೆ ಸೌಮ್ಯ ಓಡಿ ಬರುವುದನ್ನು ನಿಲ್ಲಿಸಿದಳು. ಪಕ್ಕದ ಮನೆಯಾಕೆಗೆ ಆಗಾಗ ಇಣುಕಿ ನೋಡಲು ಹೇಳಿದಳು. ಫೋನು ಬಂದರೆ ಗಾಣದ ಹಿಂದಿನ ಕೊಬ್ಬರಿ ಚೀಲಗಳ ಮೇಲೆ ಕೂತು ತಾನೇ ಮಾತಾಡತೊಡಗಿದಳು. ಹೇಳುವುದಕ್ಕೆ ದೊಡ್ಡದೇನೂ ಇರಲಿಲ್ಲ. ಬೋರಯ್ಯ ಎಂಬ ಮುದುಕ ತನ್ನ ಕೊಬ್ಬರಿ ತಂದು ಎಣ್ಣೆ ಬಿಡಿಸಿಕೊಂಡು, ಕ್ಯಾನಿನ ಬಾಯಿಗೆ ಮೂಗಿಟ್ಟು, “ಇದು ನಮ್ ಮರದ ವಾಸ್ನೆ ಅಲ್ಲ, ಬದಲಾಯ್ಸಿದೀರ” ಎಂದು ಜಗಳ ತೆಗೆಯುವುದು. ರವೀಂದ್ರಣ್ಣ ಅದೇ ಕ್ಯಾನನ್ನು ಒಳಗೊಯ್ದು ಹಾಗೇ ವಾಪಸ್ ತಂದುಕೊಟ್ಟರೆ, “ಈಗ ಸರಿಯಾಯ್ತು” ಎಂದು ಹೋಗುವುದು. ಅತ್ತೆಗೆ ಇಂಥದ್ದೆಲ್ಲ ಇಷ್ಟ ಎಂದು ಅವಳಿಗೆ ಗೊತ್ತಿತ್ತು. ಆ ಕಡೆಯಿಂದ ನಗುವಿಲ್ಲ, ಹೂಂಗುಟ್ಟುವುದಿಲ್ಲ. ಕೆಲವು ಸಲ ಕೆಲಸ ಹೆಚ್ಚಿದ್ದರೆ ಮೊಬೈಲನ್ನು ಹಾಗೇ ಮೇಜಿನ ಮೇಲಿಟ್ಟು ಬಿಲ್ಲು ಬರೆಯುತ್ತಿದ್ದಳು. ಹೇಗೂ ಏನೂ ಕೇಳುವುದಿಲ್ಲವಲ್ಲ. ಕಲ್ಲಮ್ಮ ಇಡುವವರೆಗೂ ಇವಳೂ ಇಡುತ್ತಿರಲಿಲ್ಲ, ಅಷ್ಟೇ.

ಮನೆಯಲ್ಲಿ ಹಾಲಸ್ವಾಮಿ ದೂರು ಹೇಳುವುದನ್ನು ಬಿಟ್ಟರು. ತೋಟದಿಂದ ಊಟಕ್ಕೆ ಬಂದಾಗ ಹೆಂಡತಿ ಫೋನು ಹಿಡಿದು ಕೂತಿರುವುದು ಅವರಿಗೆ ರೂಢಿಯಾಯಿತು. ತುಟಿ ಅಲ್ಲಾಡುತ್ತಿದ್ದರೆ ಎಲೆ ಅಡಿಕೆ ಹಾಕಿಕೊಂಡಿದ್ದಾಳೆ ಎಂದುಕೊಂಡು ಸಾರು ಬಡಿಸಿಕೊಳ್ಳುತ್ತಿದ್ದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ದಿನ, ಸೌಮ್ಯ ಬೋರಯ್ಯನ ಕತೆಯ ನಡುವೆ ಇದ್ದಾಗ, ಫೋನಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಮಾಯಸಂದ್ರದ ಬಸ್ಸು, ಮನೆಯ ಮುಂದಿನ ತಿರುವಿನಲ್ಲಿ ದಿನಾ ಹಾಗೇ ಹೊಡೆಯುತ್ತದೆ. ಪೋಂ ಎಂದು ಜೋರಾಗಿ ಬಂತು, ಕತ್ತರಿಸಿದ ಹಾಗೆ ನಿಂತಿತು. ಮತ್ತೆ ಅದೇ ಬಾವಿ.

ಸೌಮ್ಯ ಮಾತು ನಿಲ್ಲಿಸಿದಳು. ಹಾರನ್ನು ಬರುತ್ತದೆ. ಹಾಗಾದರೆ ಮಂಚದ ಮೇಲೇ ಕಟಕಟ ಎನ್ನುವ ಫ್ಯಾನು ಯಾಕೆ ಬರುವುದಿಲ್ಲ? ಗೋಡೆ ಗಡಿಯಾರ ಯಾಕೆ ಬರುವುದಿಲ್ಲ? ಅತ್ತೆಯ ಉಸಿರು ಎಲ್ಲಿ ಹೋಗುತ್ತಿದೆ?

ಅರ್ಮಾನ್‌ಗೆ ಫೋನು ಮಾಡಿದಳು. ಅವನು ಈಗ ತಿಪಟೂರು ಕಡೆ ಕೆಲಸದಲ್ಲಿದ್ದ. “ಲೈನು ಸರಿಯಾಗೇ ಇದೆ ಅಕ್ಕ. ಬಾಕಿ ಸೆಟ್ಟಿಂಗೆಲ್ಲ ಕಂಪನಿಯವರು ಹಾಕಿ ಕಳ್ಸಿರೋದು, ನಂಗೂ ಗೊತ್ತಿಲ್ಲ. ಮುಟ್ಟಬೇಡಿ, ಫೋನೇ ಸತ್ತೋದ್ರೆ ನನ್ನ ತಲೆ ಮೇಲೆ ಬರುತ್ತೆ.”

ಭಾನುವಾರ ಅನಿತಾ ಮತ್ತೆ ಬಂದಿದ್ದಳು. ಮುದ್ದೆ ಬಸ್ಸಾರಿನ ಊಟ ಮುಗಿದ ಮೇಲೆ ಸೌಮ್ಯ ಲ್ಯಾಪ್‌ಟಾಪು ತಂದು ನಡುಮನೆಯಲ್ಲಿ ಕೂತಳು.

“ಇರೋದೂ ಹಾಳ್ಮಾಡ್ತೀಯ ಕಣೇ,” ಎಂದ ಮಲ್ಲೇಶ.

“ಹಾಳಾದ್ರೆ ಆಗ್ಲಿ ಬಿಡ್ರೀ. ಈಗ ಮಾತ್ರ ಏನ್ ಉದ್ಧಾರ ಆಗಿದೆ?”

ಮಲ್ಲೇಶ ಅವಳ ಪಕ್ಕ ಚಕ್ಕಂಬಕ್ಕಲ ಹಾಕಿ ಕೂತ. “ಮೊದ್ಲು ಪ್ರತಿ ಪುಟಾನೂ ಫೋಟೋ ತೆಗ್ದಿಟ್ಕೋ. ಮೋಟಾರು ಬಿಚ್ಚೋವಾಗ ನಾನು ಹಂಗೇ ಮಾಡೋದು. ಕೆಟ್ರೆ ಇದ್ದಂಗೇ ಹಾಕ್ಬಹುದು.”

ಇಬ್ಬರೂ ಒಂದೊಂದು ಸಾಲನ್ನೂ ಓದಿದರು. ತಿಳಿಯದ ಪದ ಬಂದರೆ ಮಲ್ಲೇಶ ತನ್ನ ಮೊಬೈಲಿನಲ್ಲಿ ಹುಡುಕಿ ಅರ್ಥ ಹೇಳುತ್ತಿದ್ದ. ಕರೆ ಕಾಯಿಸುವುದು, ಕರೆ ಬೇರೆ ಕಡೆ ಕಳಿಸುವುದು, ರಿಂಗಿನ ಸದ್ದು. ಪುಟದ ಕೆಳಗೆ ಒಂದು ಸಾಲು ಇತ್ತು: ಸೈಲೆನ್ಸ್ ಸಪ್ರೆಷನ್. ಅದರ ಮುಂದೆ ಟಿಕ್ ಇತ್ತು.

“ಏನಂತೆ ಇದು?”

ಮಲ್ಲೇಶ ಓದಿದ, ಇನ್ನೊಂದು ಸಲ ಓದಿದ. “ಮಾತಾಡೋರು ಸುಮ್ನಿದ್ದಾಗ ಆ ಸುಮ್ನಿರೋದನ್ನ ಕಳ್ಸಲ್ವಂತೆ. ಲೈನು ಉಳಿಸೋಕೆ. ಸದ್ದು ಇಂತಿಷ್ಟಕ್ಕಿಂತ ಕಮ್ಮಿ ಇದ್ರೆ, ಏನೂ ಇಲ್ಲ ಅಂತ್ಲೇ ಲೆಕ್ಕ.”

ಸೌಮ್ಯ ತಲೆಯೆತ್ತಿ ಗಂಡನನ್ನು ನೋಡಿದಳು. “ಹಂಗಾದ್ರೆ ಯಾವ್ದು ಮಾತು, ಯಾವ್ದು ಮಾತಲ್ಲ ಅಂತ ಈ ಡಬ್ಬಿ ತೀರ್ಮಾನ ಮಾಡ್ತಿದೆಯೇನ್ರೀ?”

ಅವಳು ಟಿಕ್ ತೆಗೆದಳು. ಮೈಕಿನ ಸದ್ದು ಎಂದಿದ್ದ ಕಡೆ ಸ್ವಲ್ಪ ಏರಿಸಿದಳು. ಸೇವ್ ಒತ್ತಿದಾಗ ಡಬ್ಬಿಯ ದೀಪಗಳೆಲ್ಲ ಆರಿದವು. ಹಾಲಸ್ವಾಮಿ “ಹೋಯ್ತು” ಎಂದರು. ಒಂದೊಂದೇ ಮತ್ತೆ ಹತ್ತಿಕೊಂಡವು.

“ಅತ್ತೆ, ನಾನು ಹಿತ್ಲಿಗೆ ಹೋಗ್ತೀನಿ. ನೀವು ದಿನಾ ಮಾಡೋ ಹಂಗೆ ಎತ್ತಿ,” ಎಂದು ಹೇಳಿ ಸೌಮ್ಯ ಹೊರಟಳು. ಉಳಿದವರನ್ನೂ ಕರೆದುಕೊಂಡು ಬಂದಳು. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ. ಅತ್ತೆ ಒಬ್ಬರೇ ಇರಲಿ ಎನ್ನಿಸಿತು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮೊಬೈಲು ರಿಂಗಾಯಿತು. ಕಿವಿಗಿಟ್ಟುಕೊಂಡಳು.

ಮೊದಲು ಫ್ಯಾನು ಬಂತು. ಕಟ ಕಟ ಕಟ. ಅದರ ಹಿಂದೆ ಗಡಿಯಾರ. ಇಡೀ ನಡುಮನೆ ಕಿವಿಯೊಳಗೆ ಬಂದು ಕೂತ ಹಾಗಾಯಿತು. ಆಮೇಲೆ ಉಸಿರು, ಸ್ವಲ್ಪ ಏದುವ ಉಸಿರು. ಆ ಉಸಿರಿನೊಳಗಿಂದ, ಒಣ ಎಲೆ ನೆಲದ ಮೇಲೆ ಜರುಗಿದಷ್ಟು ಸಣ್ಣಗೆ:

“ಬೋ... ಬೋರ... ಬೋರಯ್ಯ... ಬಂದಿದ್ನಾ?”

ಸೌಮ್ಯ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಕಲ್ಲು ಒದ್ದೆಯಿತ್ತು, ಅದರ ಗೊಡವೆ ಇರಲಿಲ್ಲ.

“ಏನಾಯ್ತು?” ಎಂದು ಅನಿತಾ ಹತ್ತಿರ ಬಂದಳು. ಸೌಮ್ಯ ಕೈಯಲ್ಲೇ ತಡೆದಳು.

“ಬಂದಿದ್ದ ಅತ್ತೆ. ನಿನ್ನೆ ಬಂದಿದ್ದ. ಮತ್ತೆ ಜಗಳ ಮಾಡ್ದ.” ಅವಳು ಮೊಬೈಲನ್ನು ಕಿವಿಗೆ ಇನ್ನೂ ಒತ್ತಿಕೊಂಡಳು. “ಅತ್ತೆ... ನೀವು ದಿನಾ ಮಾತಾಡ್ತಿದ್ರಾ?”

ಫ್ಯಾನು ಕಟಕಟ ಎಂದಿತು. ಸೌಮ್ಯ ಕಾದಳು. ‘ಹೌದಾ, ಅಲ್ವಾ’ ಎಂದು ಕೇಳಬೇಕೆನ್ನಿಸಿದ್ದನ್ನು ನುಂಗಿಕೊಂಡಳು.

“ಹೂಂ... ದಿನಾ...” ಮತ್ತೆ ಉಸಿರು. “ನೀ... ಕೇಳ್ತಿದ್ದೆ... ಅನ್ಕಂಡೆ.”

ಸೌಮ್ಯಳ ಕಣ್ಣಲ್ಲಿ ನೀರು ಸುರಿಯತೊಡಗಿತು. ಮಾತಾಡಲಾಗದೆ ಮೊಬೈಲನ್ನು ಮಲ್ಲೇಶನ ಕೈಗೆ ಕೊಟ್ಟಳು. ಅವನು ಕಿವಿಗಿಟ್ಟುಕೊಂಡು “ಅಮ್ಮಾ” ಎಂದ. ಏನು ಕೇಳಿಸಿತೋ, ಚಿಕ್ಕ ಹುಡುಗನ ಹಾಗೆ “ಹೂಂ ಉಂಡೆ, ಉಂಡೆ” ಎಂದು ತಲೆ ಆಡಿಸಿದ. ಅನಿತಾ ಅವನಿಂದ ಕಿತ್ತುಕೊಂಡಳು. ಅವಳ ಹೆಸರಿನ ಮೂರು ಅಕ್ಷರ ಬರಲು ಬಹಳ ಹೊತ್ತು ಹಿಡಿಯಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಷ್ಟೂ ಹೊತ್ತು ಕಾದಳು. ಪೂರ್ತಿ ಬಂದ ಮೇಲೆ ಅತ್ತಿಗೆಯ ಭುಜಕ್ಕೆ ಹಣೆ ಒತ್ತಿ ನಿಂತುಬಿಟ್ಟಳು.

ಹಾಲಸ್ವಾಮಿ ದೂರ ನಿಂತಿದ್ದರು. “ಏನ್ರಮ್ಮ ಅದು? ಯಾರಿಗೇನಾತು? ನಂಗೂ ಹೇಳ್ರಿ.”

“ಅತ್ತೆ ಮಾತಾಡ್ತಿದಾರೆ ಮಾವ.”

“ಯಾರು?”

“ಅತ್ತೆ!”

“ಯಾವತ್ತಿಂದ?”

ಮಲ್ಲೇಶ ಸದ್ದು ಪೂರ್ತಿ ಏರಿಸಿ ಮೊಬೈಲನ್ನು ಅಪ್ಪನ ಒಳ್ಳೆಯ ಕಿವಿಗೆ ಒತ್ತಿ ಹಿಡಿದ. ಹಾಲಸ್ವಾಮಿ ಕಣ್ಣು ಕಿರಿದು ಮಾಡಿ, ಅಂಗೈಯನ್ನು ಕಿವಿಗೆ ಮರೆಯಾಗಿಟ್ಟುಕೊಂಡು, ತೋಟದ ಕಡೆ ನೋಡುತ್ತಾ ನಿಂತರು. ಅವರ ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ಇನ್ನೊಂದು ಕೈಯೆತ್ತಿ ಎಲ್ಲರಿಗೂ ಸುಮ್ಮನಿರಿ ಎಂದು ಸನ್ನೆ ಮಾಡಿದರು.

“ಕಲ್ಲಿ ಕಣ್ರಲಾ,” ಎಂದರು ಪಿಸುದನಿಯಲ್ಲಿ, ಜೋರಾಗಿ ಹೇಳಿದರೆ ನಿಂತುಹೋಗುತ್ತದೇನೋ ಎನ್ನುವ ಹಾಗೆ. “ನಮ್ ಕಲ್ಲಿ.”

“ಏನಂತಿದಾರೆ ಮಾವ?”

“ತಡಿಯಮ್ಮ.” ಮತ್ತೆ ಕೇಳಿಸಿಕೊಂಡರು. “ಬೀಪಿ ಮಾತ್ರೆ ನುಂಗಿದ್ರಾ ಅಂತವಳೆ.”

ಅನಿತಾ ಅಳುತ್ತಲೇ ನಕ್ಕಳು. ಹಾಲಸ್ವಾಮಿ ಮೊಬೈಲನ್ನು ಮಗನ ಕೈಯಿಂದ ತಾವೇ ತೆಗೆದುಕೊಂಡರು. ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನುಂಗ್ದೆ ಕಣೇ. ಈಗ ತಾನೇ ನುಂಗ್ದೆ,” ಎಂದು ಸುಳ್ಳು ಹೇಳಿದರು. ನಡುಮನೆಯ ಕಿಟಕಿ ಅಲ್ಲಿಂದ ಕಾಣುತ್ತಿತ್ತು, ಕಿಟಕಿಯೊಳಗೆ ಹೆಂಡತಿಯ ತಲೆಯ ಹಿಂಭಾಗವೂ. “ಕಲ್ಲಿ, ಒಳಗ್ ಬರ್ಲೇನೇ?”

ಹಾಲಸ್ವಾಮಿ ಕೇಳಿಸಿಕೊಳ್ಳುತ್ತಲೇ ಇದ್ದರು.

“ಬ್ಯಾಡ ಅಂತವಳೆ,” ಎಂದರು ಕೊನೆಗೆ ಇವರ ಕಡೆ ತಿರುಗಿ. “ಅಲ್ಲೇ ಇರಿ, ಇನ್ನೂ ಐತೆ ಅಂತವಳೆ.”

ಮೋಡ ಸರಿದು ಬಿಸಿಲು ಅವರ ಬೋಳುತಲೆಯ ಮೇಲೆ ಬಿತ್ತು. ಅವರು ನೆರಳಿಗೆ ಸರಿಯಲಿಲ್ಲ.

“ಹೇಳು,” ಎಂದರು ಫೋನಿಗೆ. “ನಿಧಾನಕ್ಕೇ ಹೇಳು. ಇಲ್ಲೇ ಇದೀನಿ.”